ಮುಟ್ಟಿ ನೋಡಿದ ಎಮ್ಮೆ

ಮಾದೇವಿಯ ಹಲ್ಲಿನ ಸೆಟ್ಟನ್ನು ಹನ್ನೊಂದು ಮಂದಿ ಮುಟ್ಟಿ ನೋಡಿದ ದಿನವೇ, ಈ ನಿಯಮ ತಮ್ಮನ್ನು ಎಲ್ಲಿಯತನಕ ಎಳೆದೊಯ್ದೀತು ಎಂಬುದು ತಡಸದ ಬೆಳದಿಂಗಳು ಮಹಿಳಾ ಸಂಘದವರಿಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಸೆಟ್ಟು ಹುಬ್ಬಳ್ಳಿಯಲ್ಲಿ ಮಾಡಿಸಿದ್ದು, ಬೆಲೆ ಹದಿನೆಂಟು ಸಾವಿರ, ದುಡ್ಡು ಸಂಘದ ಸಾಲ. ಸಾಲದಿಂದ ಏನು ಕೊಂಡರೂ ಎಂಟನೆಯ ದಿನ ಉಳಿದ ಸದಸ್ಯರೆಲ್ಲ ಆ ಮನೆಗೆ ಹೋಗಿ ಅದನ್ನು ಕೈಯಿಂದ ಮುಟ್ಟಿ ನೋಡಬೇಕು ಎಂಬುದು ನಿಯಮ. ಮಾದೇವಿ ಬಾಯಿಂದ ಸೆಟ್ಟು ತೆಗೆದು, ತೊಳೆದು, ತಾಟಿನಲ್ಲಿಟ್ಟು ಮುಂದೆ ಹಿಡಿದಳು. ಹೆಂಗಸರು ಕಿರುಬೆರಳ ತುದಿಯಿಂದ ಒಂದೊಂದು ಹಲ್ಲನ್ನು ಮುಟ್ಟಿದರು. ಅಧ್ಯಕ್ಷೆ ಸರೋಜವ್ವ ರೂಢಿಯಂತೆ ಕುಂಕುಮ ಹಚ್ಚಲು ಕೈ ಚಾಚಿದಳು.

"ಹಚ್ಚಬ್ಯಾಡ್ರಿ ಯವ್ವಾ, ಅದರಲೇ ರೊಟ್ಟಿ ತಿನ್ನೂದೈತಿ," ಎಂದಳು ಮಾದೇವಿ. ಹಲ್ಲು ತಾಟಿನಲ್ಲಿದ್ದುದರಿಂದ ಆ ಮಾತು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ನಿಯಮ ಹುಟ್ಟಿದ್ದು ಶ್ವೇತಾಳ ಹೊಲಿಗೆ ಯಂತ್ರದಿಂದ. ಅಂದರೆ ಬಾರದೇ ಹೋದ ಹೊಲಿಗೆ ಯಂತ್ರದಿಂದ. ಶ್ವೇತಾ ಸಂಘದ ಲೆಕ್ಕ ಬರೆಯುವವಳು, ಪಿಯುಸಿ ಓದಿದವಳು. ಯಂತ್ರಕ್ಕೆಂದು ಅವಳು ತೆಗೆದ ಮೂವತ್ತು ಸಾವಿರವನ್ನು ಗಂಡ ಚನ್ನೇಶ ಒಂದು ಮಧ್ಯಾಹ್ನ, ಊಟವಾದ ಮೇಲೆ, ಮಲಗಿದಲ್ಲೇ ಮೊಬೈಲಿನ ಆಟದಲ್ಲಿ ಕಳೆದ. ಅವಳು ಪಾತ್ರೆ ತೊಳೆದು ಬರುವುದರೊಳಗೆ ಕೆಲಸ ಮುಗಿದಿತ್ತು. ಸುದ್ದಿ ಹರಡಿ, ತಾಲೂಕಿನಿಂದ ಒಬ್ಬ ಸಾಹೇಬರು ಬಂದು ಸಂಘಕ್ಕೆ ಒಂದು ಠರಾವು ಬರೆಸಿದರು: ಸಾಲದ ಹಣವನ್ನು ಆನ್‌ಲೈನ್ ಜೂಜಿಗೆ ಬಳಸತಕ್ಕದ್ದಲ್ಲ. ಎಲ್ಲರೂ ಸಹಿ ಹಾಕಿದರು, ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರು.

"ಬಳಸಿದ್ರ ನಮಗ ಹೆಂಗ್ ಗೊತ್ತಾಗಬೇಕ್ರಿ ಸಾಹೇಬರ?" ಎಂದು ಸರೋಜವ್ವ ಕೇಳಿದಳು.

"ಬಳಸಿಲ್ಲ ಅಂತ ಅವರೇ ಬರೆದು ಕೊಡಬೇಕು. ಸ್ವಯಂ ಘೋಷಣೆ."

ಅಂಗನವಾಡಿಯ ಕೋಣೆ ತುಂಬ ನಕ್ಕಿತು. ಶ್ವೇತಾ ನಗಲಿಲ್ಲ, ಅದನ್ನೂ ಬರೆದುಕೊಂಡಳು.

ಆಗ ಬಾಗಿಲ ಪಕ್ಕದಿಂದ ಭರಮವ್ವ ಎಂದಳು: "ಏನ್ ತಂದಾರೋ ಅದನ್ನ ಎಲ್ಲಾರೂ ಅವರ ಮನಿಗೆ ಹೋಗಿ ಮುಟ್ಟಿ ನೋಡಿದ್ರಾತಲ್ರಿ."

ಹೆಂಗಸರು ಸರೋಜವ್ವನ ಮುಖ ನೋಡಿದರು. ಮಾತು ಸರಿಯಾಗಿತ್ತು. ಅದನ್ನು ಆಡಿದ ಬಾಯಿ ಅಂಬೇಡ್ಕರ್ ನಗರದ್ದಾಗಿತ್ತು. ಸಂಘದ ಸಭೆ ಅಧ್ಯಕ್ಷೆಯ ಅಷ್ಟು ದೊಡ್ಡ ಪಡಸಾಲೆ ಬಿಟ್ಟು ಅಂಗನವಾಡಿಯಲ್ಲಿ ಏಕೆ ನಡೆಯುತ್ತದೆಂದು ಒಂಬತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಕೇಳುವ ಪದ್ಧತಿ ಇಲ್ಲ. ಸಾಹೇಬರು ಮಾತ್ರ, ಪರ ಊರಿನವರು, "ಭೇಷ್!" ಎಂದರು. ನಿಯಮ ಪಾಸಾಯಿತು.

ಆ ಮಾತು ಆಡುವಾಗ ಭರಮವ್ವನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಮನೆಗೆ ನಡೆದು ಹೋಗುವಾಗ, ಹೈಸ್ಕೂಲು ದಾಟಿದ ಮೇಲೆ ಹೊಳೆಯಿತು: ಹಾಗಾದರೆ ನಾನು ಸಾಲ ತೆಗೆದ ದಿನ ಇವರೆಲ್ಲ ನಮ್ಮ ಮನೆಗೆ ಬರಬೇಕಾಗುತ್ತದೆ.

ಅವಳು ಇಪ್ಪತ್ತು ವರ್ಷ ಸರೋಜವ್ವನ ಹೊಲದಲ್ಲಿ ಹತ್ತಿ ಬಿಡಿಸಿದವಳು, ಮೆಣಸಿನಕಾಯಿ ಹರಿದವಳು. ಅಲ್ಲಿ ಅವಳ ಚಹಾದ ಬಟ್ಟಲು ಮೊದಲು ಕೊಟ್ಟಿಗೆಯ ಗೂಡಿನಲ್ಲಿರುತ್ತಿತ್ತು. ಈಗ ಕಾಗದದ ಕಪ್ಪು ಬಂದು ಎಲ್ಲರಿಗೂ ಅನುಕೂಲವಾಗಿದೆ. ಸರೋಜವ್ವ ಕೆಟ್ಟವಳಲ್ಲ. ಭರಮವ್ವನ ಗಂಡ ನೀಲಪ್ಪ ತೀರಿಕೊಂಡಾಗ ಎರಡು ಚೀಲ ಜೋಳ ಕಳಿಸಿದ್ದಳು. ಕಳಿಸಿದ್ದಳು, ಬಂದಿರಲಿಲ್ಲ.

ಹೀಗಾಗಿ ಭರಮವ್ವ ಅವಸರ ಮಾಡಲಿಲ್ಲ. ಉಳಿದವರ ವಸ್ತುಗಳನ್ನು ಮುಟ್ಟುತ್ತ ಒಂದೂವರೆ ವರ್ಷ ಕಾದಳು. ಒಬ್ಬರ ಬೋರಿನ ಮೋಟಾರು, ಇನ್ನೊಬ್ಬರ ಕಿರಾಣಿ ಅಂಗಡಿಯ ಅವಲಕ್ಕಿ ಚೀಲ, ಮತ್ತೊಬ್ಬರ ಮನೆಯ ತಗಡು. ತಗಡು ಮುಟ್ಟಲು ಏಣಿ ಹಾಕಿ ಒಬ್ಬಳನ್ನು ಹತ್ತಿಸಿ, ಉಳಿದವರು ಏಣಿ ಮುಟ್ಟಿದರು. ಹಾನಗಲ್ಲಿನ ತವರಿನಲ್ಲಿ ಹೊಲ ಗೇಣಿಗೆ ಹಿಡಿದವಳ ಸಲುವಾಗಿ ಬಸ್ಸು ಹತ್ತಿ ಹೋಗಿ ಭತ್ತದ ಸಸಿ ಮುಟ್ಟಿ ಬಂದರು. ಎಲ್ಲ ಮನೆಗಳಲ್ಲೂ ಚಹಾ ಆಯಿತು. ಭರಮವ್ವನಿಗೆ ಎಲ್ಲ ಮನೆಗಳಲ್ಲೂ ಕಾಗದದ ಕಪ್ಪು ಬಂತು. ಅವಳೊಬ್ಬಳಿಗೇ ಕೊಟ್ಟರೆ ಚೆನ್ನಾಗಿ ಕಾಣುವುದಿಲ್ಲವೆಂದು ಕೆಲವರು ಎಲ್ಲರಿಗೂ ಅದನ್ನೇ ಕೊಟ್ಟರು.

ಆಮೇಲೆ ಅವಳು ಎಮ್ಮೆಗೆಂದು ಅರವತ್ತು ಸಾವಿರ ಕೇಳಿದಳು. ಎಮ್ಮೆಯಾದರೆ ಹಾಲು ಕೊಡುತ್ತದೆ. ಹಾಲಾದರೆ ಚಹಾ ಆಗುತ್ತದೆ. ಶಿಗ್ಗಾಂವಿ ಸಂತೆಗೆ ಹೋಗಿ ಒಂದು ಡಜನ್ ಸ್ಟೀಲಿನ ಕಪ್ಪು ತಂದಳು. ಅಂಗಡಿಯವನು ಗಾಜಿನವು ಅಗ್ಗ ಎಂದ. "ಸ್ಟೀಲಿಂದ ಇರ್ಲಿ, ಒಡ್ಯಾಂಗಿಲ್ಲ," ಎಂದಳು.

ದುಡ್ಡು ಅವಳ ಖಾತೆಗೆ ಬಂತು. ಖಾತೆ ಮೊಬೈಲಿಗೆ ಜೋಡಿಸಿತ್ತು. ಮೊಬೈಲು ಮಗ ಫಕ್ಕೀರೇಶನ ಕಿಸೆಯಲ್ಲಿತ್ತು, ಅದರ ಗುಪ್ತ ಅಂಕಿ ಅವನ ತಲೆಯಲ್ಲಿತ್ತು. ಇಪ್ಪತ್ತನಾಲ್ಕರ ಹುಡುಗ, ಹೆದ್ದಾರಿಯ ಬದಿಯ ಟಯರ್ ಅಂಗಡಿಯಲ್ಲಿ ಕೆಲಸ. ಹಿರೇಕೆರೂರಿನ ಹತ್ತಿರದ ಹಳ್ಳಿಯಲ್ಲಿ ಎರಡನೇ ಸೂಲಿನ ಎಮ್ಮೆಯೊಂದು ಮಾರಾಟಕ್ಕಿದೆ, ದುಡ್ಡು ಫೋನಿನಲ್ಲೇ ಹಾಕಬೇಕಂತೆ ಎಂದು ಹೊರಟ. ಸಂಜೆ ಬರಿಗೈಲಿ ಬಂದು, ಟೆಂಪೋದಲ್ಲಿ ಕಳಿಸುತ್ತಾರೆ ಎಂದ. ಮರುದಿನ ಟೆಂಪೋ ಕೆಟ್ಟಿದೆ ಎಂದ. ಅದರ ಮರುದಿನ ಟೆಂಪೋದವನ ಮನೆಯಲ್ಲಿ ಲಗ್ನ. ಐದನೆಯ ದಿನ ಭರಮವ್ವ ಗೋಡೆಗೆ ಸಾರಣೆ ಮಾಡುತ್ತಿದ್ದಾಗ ಅವನು ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. ಅವಳು ತಿರುಗಿ ನೋಡಲಿಲ್ಲ.

"ಎಷ್ಟು ಹೋತು?"

"ಎಲ್ಲಾ."

"ಎಲ್ಲಾ ಅಂದ್ರ?"

"ಹಾವೇರಿ ಬರೂದ್ರಾಗ ನಲವತ್ತು ಹೋಗಿತ್ತವ್ವಾ. ಅದನ್ನ ತಿರುಗಿ ತರೂಣು ಅಂತ ಉಳಿದ ಇಪ್ಪತ್ತ ಹಾಕಿದೆ. ಹಿರೇಕೆರೂರಿಗೆ ಹೋಗೇ ಇಲ್ಲ. ಹಾವೇರಿ ಸ್ಟ್ಯಾಂಡಿನ್ಯಾಗ ಕುಂತಿದ್ದೆ."

"ಸರಕಾರದಾವ್ರು ಇವನ್ನೆಲ್ಲಾ ಬಂದ್ ಮಾಡ್ಯಾರಂತಿದ್ರಲ್ಲ?"

"ಆ ಆಟ ಬಂದಾತು. ಇದು ಬ್ಯಾರೇ ಲಿಂಕು."

"ಎಂಥಾ ಆಟದು?"

"ವಿಮಾನ. ಏರಕೋತ ಹೋಗತೈತಿ, ರೊಕ್ಕಾ ಬೆಳಕೋತ ಹೋಗತೈತಿ. ಅದು ಹಾರಿ ಮಾಯ ಆಗೂದ್ರಾಗ ನಾವು ಇಳೀಬೇಕು."

ಭರಮವ್ವ ಸಾರಣೆಯ ಕೈ ನಿಲ್ಲಿಸಿದಳು. "ಟಿಕೀಟ್ ತಗದಿದ್ದು ಬಸ್ಸಿಂದು. ವಿಮಾನ ಯಾಕ ಹತ್ತಿದ್ಯೋ?"

ಅವಳು ಅಳಲಿಲ್ಲ, ಬೈಯಲಿಲ್ಲ. ಮಣ್ಣು ಕಲಸಿಯಾಗಿತ್ತು, ಬಿಟ್ಟರೆ ಒಣಗುತ್ತದೆ. ಉಳಿದ ಗೋಡೆ ಮುಗಿಸಿದಳು. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊವನ್ನು ಮತ್ತೆ ತೂಗುಹಾಕಿ, ಸ್ವಲ್ಪ ದೂರ ನಿಂತು, ಸೊಟ್ಟಗಿದೆಯೋ ಎಂದು ನೋಡಿದಳು. ಇನ್ನು ಮೂರು ದಿನಕ್ಕೆ ಅವರೆಲ್ಲ ಬರುತ್ತಾರೆ. ಮುಟ್ಟಲು ಏನೂ ಇಲ್ಲ. ಮುಟ್ಟಿ ನೋಡಬೇಕೆಂದು ಹೇಳಿದವಳು ಅವಳೇ.

ದಾರಿ ಹುಡುಕಿದ್ದು ಫಕ್ಕೀರೇಶ. ಸವಣೂರಿನ ನದೀಮ ಎಂಬವನಿಗೆ ಎಂಟು ಎಮ್ಮೆ, ಒಂದು ಟೆಂಪೋ. ಹೋಟೆಲುಗಳಿಗೆ ಹಾಲು ಹಾಕುತ್ತಾನೆ. ಟಯರಿನ ಗಿರಾಕಿ. ಒಂದು ದಿನಕ್ಕೆ ಎಂಟುನೂರು ಬಾಡಿಗೆ. ಮುಂಜಾನೆ ಹಾಲು ಹಿಂಡಿಕೊಂಡು ಎಮ್ಮೆ ತಂದು ಬಿಡುತ್ತಾನೆ, ಸಂಜೆ ಬಂದು ಒಯ್ಯುತ್ತಾನೆ.

"ಒಂದ್ ದಿನದ ಮಾತವ್ವಾ. ಮುಟ್ಟತಾರ, ಹೋಗ್ತಾರ. ಆಮ್ಯಾಲೆ ನಾ ದುಡದು ತೀರಸ್ತೇನಿ."

ಭರಮವ್ವ ಹತ್ತಿ ಬಿಡಿಸಿ ಉಳಿಸಿದ್ದ ನೋಟುಗಳಲ್ಲಿ ಎಂಟುನೂರು ಎಣಿಸಿ ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ದಣಿದವರು ಒಪ್ಪಿಗೆ ಕೊಡುವ ರೀತಿ ಅದು.

ಎಂಟನೆಯ ದಿನ ಮಧ್ಯಾಹ್ನ ನಾಲ್ಕಕ್ಕೆ ಹನ್ನೊಂದು ಹೆಂಗಸರು ಅಂಬೇಡ್ಕರ್ ನಗರದ ಓಣಿಯಲ್ಲಿ ಸಾಲಾಗಿ ಬಂದರು. ಓಣಿಯವರು ಬಾಗಿಲಿಗೆ ಬಂದು ನಿಂತು ನೋಡಿದರು. ಸರೋಜವ್ವ ಮುಂದೆ, ಸೆರಗು ಹೊದ್ದು, ಮಂಡಿನೋವಿನ ಕಾಲು ಎಳೆಯುತ್ತ. ಅವಳ ಹಿಂದೆ ವಹಿ ಹಿಡಿದ ಶ್ವೇತಾ. ಎಲ್ಲರ ಕೊನೆಗೆ ಮಾದೇವಿ, ಹೊಸ ಹಲ್ಲಿನೊಂದಿಗೆ.

"ಬರ್ರಿ, ಬರ್ರಿ. ಕುಂದರ್ರಿ," ಎಂದಳು ಭರಮವ್ವ. ಜಮಖಾನೆ ಹಾಸಿತ್ತು. ಕುಳಿತರು. ಒಬ್ಬಿಬ್ಬರು ಅಂಚಿಗೆ ಕುಳಿತರು. ಸರೋಜವ್ವ ನಡುವೆ ಕುಳಿತಳು, ಮಂಡಿ ಮಡಚಲಾಗದೆ ಕಾಲು ಚಾಚಿ.

ಎಮ್ಮೆ ಬೇವಿನ ಗಿಡಕ್ಕೆ ಕಟ್ಟಿತ್ತು. ಒಳ್ಳೆಯ ಎಮ್ಮೆ. ಕೋಡು ಒಳಕ್ಕೆ ಬಾಗಿ, ಮೈ ಎಣ್ಣೆ ಸವರಿದಂತೆ. ಎಲ್ಲರೂ ಎದ್ದು ಮುಟ್ಟಿದರು. ಹಲ್ಲಿನ ಸೆಟ್ಟಿಗೆ ಹೋಲಿಸಿದರೆ ಇದನ್ನು ಮುಟ್ಟುವುದು ಸುಖವಾಗಿತ್ತು. ಬೆನ್ನು ಸವರಿದರು, ಕೋಡು ಹಿಡಿದು ನೋಡಿದರು. ಸರೋಜವ್ವ ಹಣೆಗೆ ಅರಿಷಿಣ ಕುಂಕುಮ ಹಚ್ಚಿದಳು.

"ಅರವತ್ತಕ್ಕ ಸಸ್ತಾ ಬಿತ್ತು ನೋಡು," ಎಂದಳು. "ಕರ ಎಲ್ಲೈತಿ?"

"ಕರ... ಅಲ್ಲೇ ಬಿಟ್ಟಾರ್ರಿ," ಎಂದ ಗೇಟಿನ ಬಳಿ ನಿಂತಿದ್ದ ಫಕ್ಕೀರೇಶ. "ನಾಳೆ ಕಳಸ್ತಾರ."

ಎಮ್ಮೆಯೊಂದು ಕಡೆ, ಹಾಲು ಕುಡಿಯುವ ಕರುವೊಂದು ಕಡೆ ಎಂಬ ಮಾತನ್ನು ಆ ಹನ್ನೊಂದು ಮಂದಿಯಲ್ಲಿ ಯಾರೂ ಈವರೆಗೆ ಕೇಳಿರಲಿಲ್ಲ. ಅಷ್ಟರಲ್ಲಿ ಮಾದೇವಿ, ಎಲ್ಲಿ ಹೋದರೂ ಒಲೆಯ ಕಡೆ ಇಣುಕುವವಳು, ಒಳಗಿನಿಂದ ಕೂಗಿದಳು:

"ಅಯ್ಯ ಯವ್ವಾ! ಅಂಗಳದಾಗ ಇಷ್ಟ್ ದೊಡ್ಡ ಎಮ್ಮಿ ಕಟ್ಟಿಕೊಂಡು ಒಲಿ ಮುಂದ ಪಾಕೀಟ್ ಹಾಲು ಇಟ್ಟಾಳ್ರೀ ಇಕಿ!"

ಆ ತಪ್ಪು ಭರಮವ್ವನದೇ. ಹಾಲು ತಮ್ಮದಲ್ಲದ ಎಮ್ಮೆ ಎಂಬುದು ನೆನಪಿದ್ದುದರಿಂದಲೇ ಅವಳು ಮುಂಜಾನೆ ಹೋಗಿ ಎರಡು ಪಾಕೀಟು ತಂದಿದ್ದಳು. ಸುಳ್ಳಿನಲ್ಲೂ ಅತಿಥಿಗಳಿಗೆ ಚಹಾ ಕಡಿಮೆಯಾಗಬಾರದೆಂದು.

"ಪಾಕೀಟ್ ಯಾಕ? ಹಿಂಡೂ ಹೊತ್ತಾತು, ಕೆಚ್ಚಲಾ ಹೆಂಗ ತುಂಬೇತಿ ನೋಡು," ಎಂದಳು ಸರೋಜವ್ವ. "ಹಿಂಡು. ಅದರದ ಹಾಲಿಲೇ ಚಾ ಮಾಡು."

ಭರಮವ್ವ ಅವಳ ಮುಖ ನೋಡಿದಳು. ಇದು ಪರೀಕ್ಷೆಯೋ, ನಿಜವಾಗಿ ಚಹಾ ಕುಡಿಯುವ ಮಾತೋ ಅವಳಿಗೆ ತಿಳಿಯಲಿಲ್ಲ. ಒಂದೂವರೆ ವರ್ಷ ಕಾದದ್ದು ತನ್ನ ಮನೆಯ ಚಹಾ ಇವರು ಕುಡಿದಾರೋ ಇಲ್ಲವೋ ಎಂಬುದನ್ನು ತಿಳಿಯುವುದಕ್ಕೇ.

ಚರಿಗೆ ಹಿಡಿದು ಎಮ್ಮೆಯ ಪಕ್ಕ ಕುಳಿತಳು. ಕೆಚ್ಚಲಿಗೆ ನೀರು ಹೊಡೆದಳು, ಮೊಲೆ ಸವರಿದಳು, ಬಾಯಿಂದ ಸಣ್ಣಗೆ ಸದ್ದು ಮಾಡಿದಳು. ಎಮ್ಮೆ ಒಂದು ಹೆಜ್ಜೆ ಆಚೆ ಸರಿಯಿತು. ಅವಳೂ ಸರಿದಳು. ಎಮ್ಮೆ ಕತ್ತು ತಿರುಗಿಸಿ, ಇವಳು ಯಾರೆಂದು ಒಮ್ಮೆ ಮೂಸಿ, ಮತ್ತೆ ಸವಣೂರಿನ ದಾರಿಯ ಕಡೆ ನೋಡುತ್ತ ನಿಂತಿತು. ಹಾಲು ಮೇಲಕ್ಕೆ ಎಳೆದುಕೊಂಡುಬಿಟ್ಟಿತ್ತು. ಚರಿಗೆಯ ತಳದಲ್ಲಿ ಎರಡು ಹನಿ. ಮೂರನೆಯ ಸಲ ಕೈ ಹಾಕಿದಾಗ ಒದೆಯಿತು. ಚರಿಗೆ ಉರುಳಿ ಗೇಟಿನ ಬಳಿಗೆ, ಫಕ್ಕೀರೇಶನ ಕಾಲಿನ ತನಕ ಹೋಗಿ ನಿಂತಿತು.

ಎಮ್ಮೆ ತನ್ನವರಿಗಲ್ಲದೆ ಹಾಲು ಇಳಿಸುವುದಿಲ್ಲ. ಇದು ಅಲ್ಲಿದ್ದವರಿಗೆಲ್ಲ ಹುಟ್ಟಿದಾಗಿನಿಂದ ಗೊತ್ತು. ತಂದು ವಾರವಾಗಿದ್ದರೆ ಇವಳ ಕೈ ಗುರುತಾಗಿರಬೇಕು. ಆಗಿಲ್ಲ.

ಸರೋಜವ್ವ ಎಮ್ಮೆಯನ್ನು ನೋಡುತ್ತ ಎಂದಳು: "ಹೊಸಾ ಜಾಗಾ. ಹೊಂದಿಕೊಳ್ಳಾಕ ದಿನಾ ಹಿಡೀತಾವ. ಬರಕೋ ಶ್ವೇತಾ."

ಅದು ದಯೆಯೂ ಹೌದು, ದಣಿವೂ ಹೌದು. ಅವಳ ಮಗ ಮೃತ್ಯುಂಜಯ ಕಳೆದ ಸುಗ್ಗಿಯಲ್ಲಿ ಗೋವಿನಜೋಳ ಮಾರಿ ಬಂದದ್ದರಲ್ಲಿ ಒಂದೂವರೆ ಲಕ್ಷವನ್ನು ಇದೇ ವಿಮಾನಕ್ಕೆ ಹತ್ತಿಸಿದ್ದ. ಊರಿಗೆಲ್ಲ ಗೊತ್ತಿತ್ತು. ಆದರೆ ಅದು ಮನೆಯ ದುಡ್ಡು. ನಿಯಮವಿರುವುದು ಸಾಲದ ದುಡ್ಡಿಗೆ. ಯಾರೂ ಹೋಗಿ ಏನನ್ನೂ ಮುಟ್ಟಿರಲಿಲ್ಲ.

ಶ್ವೇತಾ ವಹಿ ತೆರೆದು 'ಎಮ್ಮೆ ಒಂದು, ಎಲ್ಲರೂ' ಎಂದು ಬರೆಯತೊಡಗಿದಳು. ಯಂತ್ರ ಬಾರದ ಮನೆಯಲ್ಲಿ ಕುಳಿತು ಬರೆಯುವುದೆಂದರೆ ಏನೆಂದು ಅವಳಿಗೆ ಗೊತ್ತು.

"ಬರೀಬ್ಯಾಡ ತಂಗಿ," ಎಂದಳು ಭರಮವ್ವ.

ಅವಳು ಇನ್ನೂ ಎಮ್ಮೆಯ ಪಕ್ಕದಲ್ಲೇ, ನೆಲದ ಮೇಲೆ ಕುಳಿತಿದ್ದಳು. "ಇದು ನಮ್ಮ ಎಮ್ಮಿ ಅಲ್ಲರಿ. ಸವಣೂರಿಂದ ಬಾಡಿಗಿ ತಂದೇವಿ. ರೊಕ್ಕಾ ಇಂವ ಫೋನಿನ್ಯಾಗ ಆಡಿದಾ. ನನಗ ಮೂರು ದಿನದಿಂದ ಗೊತ್ತಿತ್ತು." ಕೈ ಸೆರಗಿಗೆ ಒರೆಸಿಕೊಂಡು ಸೇರಿಸಿದಳು, "ಮುಟ್ಟಿ ನೋಡ್ರಿ ಅಂದಾಕಿ ನಾನ. ನಾನ ಸುಳ್ಳು ಮುಟ್ಟಿಸಿದ್ರ ಹೆಂಗ್ರಿ?"

ಮಾದೇವಿ ಒಲೆಯ ಕಡೆಯಿಂದ ಹೊರಗೆ ಬಂದಿದ್ದಳು. ಗೇಟಿನ ಕಡೆ ಕೈ ತೋರಿಸಿ ಎಂದಳು: "ಅರವತ್ತು ಸಾವಿರದ ಸಾಮಾನಾ ಅಲ್ಲಿ ನಿಂತೈತಲ್ರಿ. ಬರ್ರಿ, ಅದನ್ನ ಮುಟ್ಟಿ ನೋಡೂಣು. ಕುಂಕುಮ ಉಳದೈತೇನು?"

ಯಾರೋ ಕಿಸಕ್ಕೆಂದರು, ತಡೆದುಕೊಂಡರು. ಫಕ್ಕೀರೇಶ ಚರಿಗೆ ಎತ್ತಿ ಕೈಯಲ್ಲಿ ಹಿಡಿದು ನಿಂತ. ಅದನ್ನು ಯಾರಿಗೆ ಕೊಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಶ್ವೇತಾ ಬರೆದದ್ದರ ಮೇಲೆ ಗೀಟು ಎಳೆದಳು. 'ಮುಟ್ಟಿ ನೋಡಲು ವಸ್ತು ಇರುವುದಿಲ್ಲ' ಎಂದು ಬರೆದು, ಭರಮವ್ವನ ಹೆಬ್ಬೆಟ್ಟು ತೆಗೆದುಕೊಂಡಳು. ಆಮೇಲೆ ಹೆಂಗಸರು ಹೊತ್ತಾಯಿತು, ದನ ಬರುವ ಹೊತ್ತು ಎಂದು ಹೊರಟರು. ಚಹಾದ ಮಾತು ಬರಲಿಲ್ಲ. ಸುಳ್ಳಿನ ಮನೆಯೆಂದು ಕುಡಿಯಲಿಲ್ಲವೋ, ಅವಳ ಮನೆಯೆಂದು ಕುಡಿಯಲಿಲ್ಲವೋ, ಈಗ ಅದು ಗೊತ್ತಾಗುವ ದಾರಿಯೇ ಇರಲಿಲ್ಲ. ಮಗ ಕಳೆದದ್ದರಲ್ಲಿ ಅದೂ ಸೇರಿತ್ತು.

ನದೀಮ ಆರಕ್ಕೆ ಬಂದ. ಟೆಂಪೋದಿಂದ ಇಳಿಯುತ್ತಲೇ ನಾಲಿಗೆ ಲೊಚಗುಟ್ಟಿದ, ಎಮ್ಮೆ ಕೂಗಿತು. ಕೆಚ್ಚಲಿಗೆ ಅವನ ಕೈ ಬೀಳುವ ಮೊದಲೇ ಹಾಲು ಇಳಿದಿತ್ತು.

"ಇದರ ಹಣಿಗೆ ಕುಂಕುಮ ಯಾರು ಹಚ್ಚಿದ್ರು?"

"ಸಂಘದಾವ್ರು," ಎಂದಳು ಭರಮವ್ವ. "ಒರಸಲೇನಪಾ?"

"ಇರ್ಲಿ ಬಿಡವ್ವಾ, ಚಂದ ಕಾಣತೈತಿ." ಹಿಂಡಿ ಮುಗಿಸಿ ಅರ್ಧ ಲೀಟರು ಅವಳ ಚರಿಗೆಗೆ ಸುರಿದ. ಅವಳು ಎಷ್ಟಾಯಿತೆಂದು ಕೇಳಿದಳು. ಬೇಡವೆಂದ. ಮತ್ತೆ ಕೇಳಿದಳು. ಮೂವತ್ತು ಎಂದ.

"ನಾ ಫೋನಿನ್ಯಾಗ ಹಾಕ್ತೇನಿ, ಅಣ್ಣಾ," ಎಂದ ಫಕ್ಕೀರೇಶ.

ಇಬ್ಬರೂ ಅವನ ಕಡೆ ನೋಡಿದರು. ಭರಮವ್ವ ಕೈ ಚಾಚಿದಳು. ಅವನು ಫೋನು ಕೊಟ್ಟ. ಅವಳು ಅದನ್ನು ಸ್ಟೀಲಿನ ಕಪ್ಪುಗಳ ಜೊತೆ ಟ್ರಂಕಿನಲ್ಲಿಟ್ಟು, ಕೀಲಿ ಹಾಕಿ, ಸೆರಗಿನ ಗಂಟಿನಿಂದ ಮೂವತ್ತು ರೂಪಾಯಿ ಬಿಚ್ಚಿ ಕೊಟ್ಟಳು. ಟ್ರಂಕಿನೊಳಗೆ ಫೋನು ಒಂದು ಸಲ ಟುಣ್ ಎಂದಿತು. ಯಾರೋ ಅವನಿಗೆ ಐವತ್ತು ರೂಪಾಯಿ ಉಚಿತವಾಗಿ ಆಡಲು ಕೊಡುತ್ತಿದ್ದಿರಬೇಕು.

ಶುಕ್ರವಾರದ ಸಭೆಗೆ ಅವಳು ಹೋದಳು. ಹೋಗಲು ಮನಸ್ಸಿರಲಿಲ್ಲ, ಆದರೆ ಗೈರುಹಾಜರಿಗೆ ಹತ್ತು ರೂಪಾಯಿ ದಂಡ, ಅದೂ ಒಮ್ಮೆ ಅವಳೇ ಸೂಚಿಸಿದ್ದು. ಬಾಗಿಲ ಪಕ್ಕದ ತನ್ನ ಜಾಗದಲ್ಲಿ ಕುಳಿತಳು. ಮೊದಲ ವಾರದ ಕಂತು ಏಳುನೂರು ಇಟ್ಟಳು. ಅದರಲ್ಲಿ ನಾಲ್ಕುನೂರು ಫಕ್ಕೀರೇಶನ ಪಗಾರದ್ದು, ಟಯರ್ ಅಂಗಡಿಯ ಮಾಲೀಕನಿಂದ ಅವಳೇ ಇಸಿದುಕೊಂಡು ಬಂದದ್ದು. ಶ್ವೇತಾ ಹೊಸ ನಿಯಮ ಓದಿದಳು: ಇನ್ನು ಮುಂದೆ ಸಾಲದ ದುಡ್ಡು ಯಾರ ಫೋನಿಗೂ ಬರುವುದಿಲ್ಲ, ಮಾರುವವರಿಗೇ ಚೆಕ್ಕಿನಲ್ಲಿ ಹೋಗುತ್ತದೆ. ಮುಟ್ಟಿ ನೋಡುವುದು ಹಾಗೆಯೇ ಇರುತ್ತದೆ.

"ಮಾರಾವನ ಜೂಜು ಆಡಾವಿದ್ರ?" ಎಂದಳು ಮಾದೇವಿ.

"ಅದು ಅವನ ಹಣೇಬರಾ," ಎಂದಳು ಸರೋಜವ್ವ. ಸಭೆ ಮುಗಿಯಿತು.

ಎಲ್ಲರೂ ಚಪ್ಪಲಿ ಹುಡುಕುತ್ತಿರುವಾಗ ಸರೋಜವ್ವ ಬಾಗಿಲ ಬಳಿ ನಿಂತು, ಮಂಡಿ ಹಿಡಿದುಕೊಂಡು, ಹೊರಗಿನ ಬಿಸಿಲು ನೋಡುತ್ತ ಕೇಳಿದಳು.

"ಈ ಸಾಲಾ ಯಾವಾಗ ಮುಗೀತೈತಿ?"

"ಎರಡು ವರ್ಷ ಹಿಡೀತೈತ್ರಿ."

"ಹಿಡೀಲಿ. ಆಮ್ಯಾಲೆ ಎಮ್ಮಿಗೆ ಮತ್ತ ಬರದು ಕೊಡು. ಈ ಸಲಾ ಕರಾ ನೋಡಿ ತಗೋ."

"ಹೂಂ ರಿ."

ಸರೋಜವ್ವ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದಳು. ಇನ್ನೊಂದು ಸಿಗಲಿಲ್ಲ, ಭರಮವ್ವ ಬಗ್ಗಿ ಅದನ್ನು ಮುಂದೆ ಸರಿಸಿದಳು.

"ಚಾಕ್ಕ ಸಕ್ಕರಿ ಅಷ್ಟು ಹಾಕಬ್ಯಾಡ," ಎಂದಳು ಸರೋಜವ್ವ. "ನನಗ ಶುಗರ್ ಐತಿ."